ಅರ್ಧಕ್ಕೆ ನಿಂತ ಭಾಷಣ

ಬಸ್ಸಲ್ಲಿ ಕಂಬಿ ಹಿಡಿದು ನಿಂತ್ಕೊಂಡು ಕೇಳ್ತಿರೋರಿಗೂ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ, ರಾತ್ರಿ ನಿದ್ದೆ ಬರದೆ ಇಯರ್‌ಫೋನ್ ಹಾಕ್ಕೊಂಡಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಭಾಷಣ. ಒಬ್ಬ ಮನುಷ್ಯ ಎದ್ದು ನಿಂತು ನಾಲ್ಕು ಮಾತಾಡಿದರೆ ಸಾವಿರ ಜನರ ಮನಸ್ಸು ಹೇಗೆ ತಿರುಗುತ್ತೆ ಅನ್ನೋದು. ಇತಿಹಾಸಕ್ಕೆ ಹೋಗೋ ಮುಂಚೆ ನನ್ನದೇ ಒಂದು ಕಥೆ ಹೇಳಿಬಿಡ್ತೀನಿ. ಹೇಳೋಕೆ ಸ್ವಲ್ಪ ನಾಚಿಕೆನೇ ಆಗುತ್ತೆ, ಆದರೂ ಹೇಳ್ತೀನಿ.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಗೆಳೆಯನೊಬ್ಬ 'ಬಾ ಮಗಾ, ಒಂದು ಸೆಮಿನಾರ್ ಇದೆ, ಊಟ ಫ್ರೀ' ಅಂತ ಒಂದು ಹೋಟೆಲ್ ಹಾಲಿಗೆ ಕರ್ಕೊಂಡು ಹೋದ. ಎ.ಸಿ. ಹಾಲು, ಜೋರು ಮ್ಯೂಸಿಕ್ಕು, ಸ್ಟೇಜ್ ಮೇಲೆ ಕೋಟು ಹಾಕಿದ ಒಬ್ಬರು. ಎರಡು ಗಂಟೆ ಮಾತಾಡಿದರು. ನಿಮ್ಮ ಅಪ್ಪ ಇಡೀ ಜೀವನ ದುಡಿದು ಏನು ಸಂಪಾದಿಸಿದರು ಅಂತ ಕೇಳಿದರು. ನಿಮ್ಮಮ್ಮನಿಗೆ ಒಂದು ಚಿನ್ನದ ಬಳೆ ಕೊಡಿಸೋ ಯೋಗ್ಯತೆ ನಿಮಗಿದೆಯಾ ಅಂತ ಕೇಳಿದರು. ಪಕ್ಕದಲ್ಲಿ ಕೂತಿದ್ದ ಹುಡುಗ ಅಳ್ತಿದ್ದ. ನನಗೂ ಗಂಟಲು ಕಟ್ಟಿತು. ಕೊನೆಗೆ, ಯಾರು ಬದಲಾಗೋಕೆ ರೆಡಿ, ಎದ್ದು ನಿಲ್ಲಿ ಅಂದರು. ನಾನು ಎದ್ದು ನಿಂತೆ.

ಸೇರೋಕೆ 9,000 ರೂಪಾಯಿ. ಅಮ್ಮ ಟೈಲರಿಂಗ್ ಮಾಡ್ತಾರೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದುಕೊಟ್ಟರು. ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿದರು: 'ಅಲ್ಲಪ್ಪ, ಲುಕ್ಸಾನಾದ್ರೆ ಯಾರು ಕಟ್ಟಿಕೊಡ್ತಾರೆ?' ನನಗೆ ಸಿಟ್ಟು ಬಂತು. 'ನಿಂಗೆ ಇದೆಲ್ಲ ಅರ್ಥ ಆಗಲ್ಲಮ್ಮ' ಅಂದೆ.

ಮುಂದಿನದು ನಿಮಗೆ ಗೊತ್ತೇ ಇರುತ್ತೆ. ನನ್ನ ಕೆಳಗೆ ಯಾರೂ ಸೇರಲಿಲ್ಲ, ದುಡ್ಡು ವಾಪಸ್ ಬರಲಿಲ್ಲ. ಅಮ್ಮ ವಾರವಾರ ಕಂತು ಕಟ್ಟಿ ಸಾಲ ತೀರಿಸಿದರು.

ಆಮೇಲಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗೆ ಕೂತಿದೆ. ಲಾಭ ನಷ್ಟದ ಲೆಕ್ಕ ಓದಿದವನು ನಾನು. ಬರೀ ಎರಡು ಗಂಟೆಯ ಮಾತು ನನ್ನ ಲೆಕ್ಕವನ್ನೇ ಹೇಗೆ ಮರೆಸಿತು? ಮಾತಿಗೆ ಅಷ್ಟು ಶಕ್ತಿ ಇದ್ದರೆ, ನಂಬಬೇಕಾದ ಮಾತು ಯಾವುದು, ನಂಬಬಾರದ ಮಾತು ಯಾವುದು ಅಂತ ಕೂತಲ್ಲೇ ಗುರುತಿಸೋದು ಹೇಗೆ?

ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಒಬ್ಬರ ಎರಡು ಭಾಷಣಗಳು. ಮಜಾ ಏನಂದ್ರೆ, ಅವರಿಗೆ ಮೊದಮೊದಲು ನಾಲ್ಕು ಜನರ ಮುಂದೆ ಬಾಯಿ ಬಿಡೋಕೇ ಆಗ್ತಿರಲಿಲ್ಲ.

ಬಾಂಬೆಯ ಸ್ಮಾಲ್ ಕಾಸಸ್ ಕೋರ್ಟು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದಿ ಬಂದಿದ್ದ ಯುವಕನಿಗೆ ಮೊದಲ ಕೇಸು ಸಿಕ್ಕಿದೆ. ಕಕ್ಷಿದಾರಳ ಹೆಸರು ಮಮೀಬಾಯಿ, ಫೀಸು 30 ರೂಪಾಯಿ. ಎದುರು ಪಕ್ಷದ ಸಾಕ್ಷಿಯನ್ನ ಪಾಟೀಸವಾಲು ಮಾಡಬೇಕು. ವಕೀಲ ಎದ್ದು ನಿಂತ. ತಲೆ ತಿರುಗಿತು. ಒಂದು ಪ್ರಶ್ನೆಯೂ ಹೊಳೆಯಲಿಲ್ಲ. 'ನನ್ನ ಕೈಲಿ ಆಗಲ್ಲ, ಬೇರೆಯವರನ್ನ ನೇಮಿಸ್ಕೊಳ್ಳಿ' ಅಂತ ಫೀಸು ವಾಪಸ್ ಕೊಟ್ಟು ಹೊರಗೆ ಬಂದ.

ಅವನೇ ಮೋಹನದಾಸ ಕರಮಚಂದ ಗಾಂಧಿ. ಲಂಡನ್ನಿನ ಸಸ್ಯಾಹಾರಿ ಸಂಘದಲ್ಲೂ ಅವರದ್ದು ಅದೇ ಪಾಡು. ಬರೆದುಕೊಂಡು ಹೋದದ್ದನ್ನೂ ತಾವೇ ಓದೋಕೆ ಆಗದೆ ಬೇರೆಯವರ ಕೈಲಿ ಓದಿಸಿದ್ದರು. ಇದೆಲ್ಲ ಯಾರೋ ಹೇಳಿದ್ದಲ್ಲ, ಆತ್ಮಕಥೆಯಲ್ಲಿ ಗಾಂಧಿಯವರೇ ಹೇಳಿಕೊಂಡಿದ್ದು. ತಮ್ಮ ನಾಚಿಕೆ ಸ್ವಭಾವದಿಂದ ಒಂದು ಲಾಭವೂ ಆಯ್ತು, ಮಾತನ್ನ ಅಳೆದು ಬಳಸೋದು ಅಭ್ಯಾಸವಾಯ್ತು ಅಂತಾನೂ ಅವರು ಬರೀತಾರೆ.

ಈಗ ಮೊದಲ ಭಾಷಣಕ್ಕೆ ಬರೋಣ. 1906ರ ಸೆಪ್ಟೆಂಬರ್ 11. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್, ಎಂಪೈರ್ ಥಿಯೇಟರ್. ಒಳಗೆ ಕಾಲಿಡೋಕೂ ಜಾಗ ಇಲ್ಲದಷ್ಟು ಭಾರತೀಯರು. ಟ್ರಾನ್ಸ್‌ವಾಲ್ ಸರ್ಕಾರ ಒಂದು ಹೊಸ ಕಾನೂನು ತರೋಕೆ ಹೊರಟಿತ್ತು. 8 ವರ್ಷ ದಾಟಿದ ಪ್ರತಿಯೊಬ್ಬ ಭಾರತೀಯನೂ ಹೆಸರು ನೋಂದಾಯಿಸಬೇಕು, ಕಳ್ಳರ ಹಾಗೆ ಬೆರಳಚ್ಚು ಕೊಡಬೇಕು, ಸರ್ಟಿಫಿಕೇಟನ್ನ ಸದಾ ಜೊತೆಯಲ್ಲಿ ಇಟ್ಕೊಂಡಿರಬೇಕು. ಕೇಳಿದಾಗ ತೋರಿಸದಿದ್ದರೆ ದಂಡ, ಜೈಲು, ಗಡೀಪಾರು.

ಸಭೆಯಲ್ಲಿ ಸೇಠ್ ಹಾಜಿ ಹಬೀಬ್ ಅನ್ನೋ ಹಿರಿಯ ವ್ಯಾಪಾರಿ ಎದ್ದರು. ಬರೀ ಠರಾವು ಪಾಸು ಮಾಡಿದರೆ ಸಾಲದು, ದೇವರ ಮೇಲೆ ಆಣೆ ಇಟ್ಟು ಈ ಕಾನೂನಿಗೆ ತಲೆಬಾಗೋದಿಲ್ಲ ಅಂತ ಪ್ರತಿಜ್ಞೆ ಮಾಡೋಣ ಅಂದರು. ಜನ ಬಿಸಿಯಾಗಿದ್ದರು. ಆ ಕ್ಷಣಕ್ಕೆ ಯಾರು ಏನು ಹೇಳಿದ್ರೂ ಕೈ ಎತ್ತುತ್ತಿದ್ದರು.

ಆಗ ಗಾಂಧಿ ಎದ್ದರು. ಆ ಜಾಗದಲ್ಲಿ ನನ್ನ ಹೋಟೆಲ್ ಹಾಲಿನ ಕೋಟಿನ ಮನುಷ್ಯ ಇದ್ದಿದ್ದರೆ ಏನು ಮಾಡ್ತಿದ್ದರು? ಬೆಂಕಿಗೆ ಇನ್ನಷ್ಟು ತುಪ್ಪ ಹಾಕ್ತಿದ್ದರು. ಗಾಂಧಿ ಮಾಡಿದ್ದು ಉಲ್ಟಾ. ಜನರನ್ನ ತಡೆದು ನಿಲ್ಲಿಸಿದರು. ಠರಾವು ಬೇರೆ, ಪ್ರತಿಜ್ಞೆ ಬೇರೆ ಅಂದರು. ದೇವರ ಹೆಸರಲ್ಲಿ ಆಣೆ ಮಾಡಿ ಆಮೇಲೆ ಮುರಿದರೆ ಮನುಷ್ಯ ತನ್ನ ಕಣ್ಣಲ್ಲೇ ಸಣ್ಣವನಾಗ್ತಾನೆ ಅಂದರು. ಆಮೇಲೆ ಏನೇನು ಆಗಬಹುದು ಅಂತ ಒಂದೊಂದಾಗಿ ಪಟ್ಟಿ ಮಾಡಿದರು. ಜೈಲಾಗಬಹುದು. ಅಲ್ಲಿ ಅವಮಾನ ಮಾಡಬಹುದು, ಹಸಿವಲ್ಲಿ ಕೆಡವಬಹುದು, ಹೊಡೆಯಬಹುದು. ಆಸ್ತಿ ಹರಾಜಾಗಬಹುದು. ಇವತ್ತು ಸಾಹುಕಾರನಾಗಿರೋನು ನಾಳೆ ಬೀದಿಗೆ ಬರಬಹುದು. ದೇಶದಿಂದಲೇ ಹೊರಗೆ ಹಾಕಬಹುದು. ಕೆಲವರು ಸಾಯಲೂಬಹುದು. ಹೋರಾಟ ಬೇಗ ಮುಗಿಯುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ.

ಪಕ್ಕದವರು ಕೈ ಎತ್ತಿದ್ರು ಅಂತ ನೀವು ಎತ್ತಬೇಡಿ ಅಂತಾನೂ ಹೇಳಿದರು. ಪ್ರತಿಯೊಬ್ಬರೂ ತಮ್ಮ ಎದೆಯನ್ನ ಕೇಳ್ಕೊಳ್ಳಿ, ಒಳಗಿಂದ ಶಕ್ತಿ ಇದೆ ಅಂತ ಉತ್ತರ ಬಂದರೆ ಮಾತ್ರ ಪ್ರತಿಜ್ಞೆ ಮಾಡಿ. ಎಲ್ಲರೂ ಬಿಟ್ಟುಹೋದರೂ ನಾನೊಬ್ಬ ಉಳಿದರೂ ನನ್ನ ದಾರಿ ಇದೇ ಅಂದರು.

ಇಷ್ಟೆಲ್ಲ ಕೇಳಿದ ಮೇಲೆ ಇಡೀ ಸಭೆ ಎದ್ದು ನಿಂತು, ಕೈ ಎತ್ತಿ, ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಅನ್ನೋ ಪದ ಇನ್ನೂ ಹುಟ್ಟಿರಲಿಲ್ಲ, ಆದರೆ ಸತ್ಯಾಗ್ರಹ ಶುರುವಾಗಿದ್ದು ಅಲ್ಲೇ. ಮುಂದೆ ಗಾಂಧಿ ಹೇಳಿದ ಹಾಗೇ ಆಯ್ತು. 1908ರ ಜನವರಿಯಲ್ಲಿ ಸ್ವತಃ ಅವರೇ ಜೈಲಿಗೆ ಹೋದರು. ಅದೇ ವರ್ಷದ ಆಗಸ್ಟ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಬಯಲಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸರ್ಟಿಫಿಕೇಟುಗಳನ್ನ ರಾಶಿ ಹಾಕಿ ಸುಟ್ಟರು. ಹೋರಾಟ 1914ರವರೆಗೆ ಎಳೆಯಿತು. ನಡುವೆ ಸುಸ್ತಾಗಿ ಬಿಟ್ಟು ಹೋದವರೂ ಬಹಳ ಜನ. ಆದರೆ ಹೋದವರಲ್ಲಿ ಯಾರೂ 'ನಮಗೆ ಮೊದಲೇ ಹೇಳಲಿಲ್ಲ' ಅನ್ನೋ ಹಾಗಿರಲಿಲ್ಲ.

ಲುಕ್ಸಾನಾದ್ರೆ ಯಾರು ಕಟ್ಟಿಕೊಡ್ತಾರೆ? ನಮ್ಮಮ್ಮ ಕೇಳಿದ ಪ್ರಶ್ನೆ. ಅದನ್ನ ಯಾರೂ ಕೇಳೋ ಮುಂಚೆಯೇ ಗಾಂಧಿ ಸ್ಟೇಜ್ ಮೇಲಿಂದ ಉತ್ತರ ಕೊಟ್ಟಿದ್ದರು: ಯಾರೂ ಕಟ್ಟಿಕೊಡಲ್ಲ, ನೀವೇ ಕಟ್ಟಬೇಕು, ನಾನೂ ಕಟ್ತೀನಿ.

ಈಗ ಎರಡನೇ ಭಾಷಣ. ಇದು ಗೆದ್ದ ಭಾಷಣ ಅಲ್ಲ. ಅರ್ಧಕ್ಕೆ ನಿಂತ ಭಾಷಣ.

1915ರ ಜನವರಿಯಲ್ಲಿ ಗಾಂಧಿ ಭಾರತಕ್ಕೆ ವಾಪಸ್ ಬಂದರು. ಗೋಪಾಲಕೃಷ್ಣ ಗೋಖಲೆ ಅವರಿಗೆ ಒಂದು ಮಾತು ಹೇಳಿದ್ದರು: ಒಂದು ವರ್ಷ ದೇಶ ಸುತ್ತು, ನೋಡು, ಕೇಳು, ರಾಜಕೀಯ ಮಾತಾಡಬೇಡ. ಬಂದ ಒಂದೂವರೆ ತಿಂಗಳಲ್ಲೇ ಗೋಖಲೆ ತೀರಿಹೋದರು. ಆದರೂ ಗಾಂಧಿ ಮಾತು ಉಳಿಸಿಕೊಂಡರು. ಆ ಒಂದು ವರ್ಷ ಮುಗಿದಿದ್ದೇ ಬನಾರಸ್ ಬಂತು.

1916ರ ಫೆಬ್ರವರಿ 4ರಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. ನಮಗೂ ಇದಕ್ಕೂ ಒಂದು ನಂಟಿದೆ. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ಶುರುವಾಯ್ತು.

ಅಡಿಗಲ್ಲಿನ ಬೆನ್ನಿಗೇ ಕೆಲವು ದಿನ ಸಭೆಗಳು, ಉಪನ್ಯಾಸಗಳು. ಮದನ ಮೋಹನ ಮಾಳವೀಯರು ಗಾಂಧಿಯನ್ನೂ ಕರೆದಿದ್ದರು. ವೇದಿಕೆ ಮೇಲೆ ರಾಜ ಮಹಾರಾಜರು ಮುತ್ತು ರತ್ನ ಧರಿಸಿ ಕೂತಿದ್ದಾರೆ. ದರ್ಭಂಗಾದ ಮಹಾರಾಜ ರಾಮೇಶ್ವರ ಸಿಂಗ್ ಅಧ್ಯಕ್ಷರು. ಆನಿ ಬೆಸೆಂಟ್ ಇದ್ದಾರೆ. ಅವರು ಕಟ್ಟಿದ ಸೆಂಟ್ರಲ್ ಹಿಂದೂ ಕಾಲೇಜೇ ಈ ವಿಶ್ವವಿದ್ಯಾಲಯಕ್ಕೆ ಬುನಾದಿ. ಕೆಳಗೆ ತುಂಬಾ ವಿದ್ಯಾರ್ಥಿಗಳು. ಮೈಕಿಲ್ಲದ ಕಾಲ.

ಇಂಥ ಕಡೆ ಅತಿಥಿ ಏನು ಮಾತಾಡಬೇಕು? ದಾನ ಕೊಟ್ಟವರನ್ನ ಹೊಗಳಬೇಕು, ಹುಡುಗರಿಗೆ ಎರಡು ಬುದ್ಧಿಮಾತು ಹೇಳಿ ಕೂರಬೇಕು. ಗಾಂಧಿ ಮೊದಲು ಭಾಷೆಯಿಂದಲೇ ಶುರು ಮಾಡಿದರು. ಈ ಪವಿತ್ರ ಊರಲ್ಲಿ, ನನ್ನ ದೇಶದ ಜನರ ಮುಂದೆ, ಪರದೇಶದ ಭಾಷೆಯಲ್ಲಿ ಮಾತಾಡಬೇಕಾಗಿ ಬಂದಿರೋದು ನಾಚಿಕೆಗೇಡು ಅಂದರು. ಅದನ್ನ ಇಂಗ್ಲಿಷಿನಲ್ಲೇ ಹೇಳಬೇಕಾಯ್ತು, ಅದು ಬೇರೆ ಮಾತು. ಇಂಗ್ಲಿಷ್ ಮೂಲಕ ಓದೋದ್ರಿಂದ ಪ್ರತಿ ಹುಡುಗನೂ ಬದುಕಿನ 6 ವರ್ಷ ಕಳ್ಕೊಳ್ತಾನೆ ಅಂತ ಲೆಕ್ಕ ಕೊಟ್ಟರು.

ಅಲ್ಲಿಂದ ವಿಶ್ವನಾಥನ ಗುಡಿಗೆ ಬಂದರು. ಆ ಗಲ್ಲಿಗಳ ಕೊಳಕು ನೋಡಿದ್ದೀರಾ, ನಮ್ಮ ದೇವಸ್ಥಾನವೇ ಹೀಗಿದ್ರೆ ನಮಗೆ ಸ್ವರಾಜ್ಯ ಸಿಕ್ಕರೆ ಹೇಗಿರುತ್ತೆ? ಮೇಲಿನ ಮಹಡಿಯಿಂದ ಉಗುಳ್ತೀವಿ, ರೈಲು ಡಬ್ಬಿಯಲ್ಲಿ ಉಗುಳ್ತೀವಿ. ಮೂರನೇ ದರ್ಜೆಯಲ್ಲಿ ಓಡಾಡಿ ನೋಡಿ, ಅಲ್ಲಿನ ಗಲೀಜಿಗೆಲ್ಲ ಸರ್ಕಾರವೇ ಹೊಣೆ ಅಲ್ಲ. ಇಷ್ಟು ಹೇಳಿ ವಿದ್ಯಾರ್ಥಿಗಳನ್ನೂ ಬಿಡಲಿಲ್ಲ. ಇಂಗ್ಲಿಷ್ ಬರುತ್ತೆ, ಕೋಟು ಹಾಕಿದ್ದೀವಿ ಅಂತ ರೈಲಲ್ಲಿ ದಬಾಯಿಸಿ ಸೀಟು ಹಿಡಿಯೋ ಹುಡುಗರನ್ನ ತರಾಟೆಗೆ ತಗೊಂಡರು.

ಗಮನಿಸಿ, ಇಲ್ಲಿವರೆಗೆ ಬೈಸಿಕೊಂಡವರು ಯಾರು? ಬ್ರಿಟಿಷರಲ್ಲ. ಮುಂದೆ ಕೂತು ಕೇಳ್ತಿರೋರೇ.

ಆಮೇಲೆ ವೇದಿಕೆ ಕಡೆ ತಿರುಗಿದರು. ಇದೇ ಸಭೆಗಳಲ್ಲಿ ಭಾರತದ ಬಡತನದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದ್ವಿ, ಆದರೆ ಅಡಿಗಲ್ಲು ಹಾಕಿದ ದಿನ ಕಂಡಿದ್ದು ಆಭರಣಗಳ ಪ್ರದರ್ಶನ, ಪ್ಯಾರಿಸ್ಸಿನ ಒಡವೆ ವ್ಯಾಪಾರಿಯ ಕಣ್ಣು ತಂಪಾಗೋ ಅಂಥದ್ದು. ಶ್ರೀಮಂತರು ಆ ಒಡವೆಗಳನ್ನ ಕಳಚಿ, ದೇಶದ ಜನರ ಪರವಾಗಿ ಕಾಪಾಡಿಕೊಂಡು ಬರೋವರೆಗೆ ಈ ದೇಶಕ್ಕೆ ಬಿಡುಗಡೆ ಇಲ್ಲ. ಎಲ್ಲೋ ಒಂದು ಅರಮನೆ ಏಳ್ತಿದೆ ಅಂತ ಕೇಳಿದಾಗೆಲ್ಲ, ಇದು ರೈತರ ದುಡ್ಡು ಅಂತ ನನಗೆ ಹೊಟ್ಟೆ ಉರಿಯುತ್ತೆ. ನಮ್ಮನ್ನ ಉದ್ಧಾರ ಮಾಡೋದು ವಕೀಲರಲ್ಲ, ಡಾಕ್ಟರಲ್ಲ, ದೊಡ್ಡ ಜಮೀನ್ದಾರರಲ್ಲ, ರೈತರು ಮಾತ್ರ.

ವಿದ್ಯಾರ್ಥಿಗಳ ಕಡೆಯಿಂದ ಚಪ್ಪಾಳೆ. ವೇದಿಕೆ ಮೇಲೆ ಮುಖಗಳು ಬಿಗಿಯಾಗ್ತಿವೆ.

ಕೊನೆಗೆ ಪೊಲೀಸರ ವಿಷಯ. ವೈಸ್‌ರಾಯ್ ಬರ್ತಾರೆ ಅಂತ ಊರ ತುಂಬ ಗುಪ್ತಚರರನ್ನ ನಿಲ್ಲಿಸಿದ್ದರು. 1912ರಲ್ಲಿ ದೆಹಲಿಯಲ್ಲಿ ಹಾರ್ಡಿಂಜ್ ಮೇಲೆ ಬಾಂಬ್ ಬಿದ್ದಿದ್ದು ಯಾರೂ ಮರೆತಿರಲಿಲ್ಲ. ಯಾಕೆ ಇಷ್ಟೊಂದು ಅಪನಂಬಿಕೆ ಅಂತ ಗಾಂಧಿ ಕೇಳಿದರು. ಹೀಗೆ ದಿನಾ ಸಾಯೋ ಬದುಕಿಗಿಂತ ಹಾರ್ಡಿಂಜ್ ಸತ್ತರೇ ವಾಸಿ ಅಲ್ವಾ ಅನ್ನೋ ಅರ್ಥದ ಮಾತು ಬಂತು. ನಾನೂ ಒಬ್ಬ ಅರಾಜಕತಾವಾದಿಯೇ, ಆದರೆ ಬೇರೆ ಥರದವನು ಅಂದರು. ಬಾಂಬ್ ಹಾಕೋ ಯುವಕರ ದೇಶಪ್ರೇಮಕ್ಕೆ ಗೌರವ ಇದೆ, ಆದರೆ ಅವರ ದಾರಿ ತಪ್ಪು, ಕದ್ದುಮುಚ್ಚಿ ಕೊಲ್ಲೋದು ಗೌರವದ ಕೆಲಸ ಅಲ್ಲ ಅಂತ ವಿವರಿಸ್ತಿದ್ದರು.

ಅಷ್ಟರಲ್ಲಿ ಆನಿ ಬೆಸೆಂಟ್ ದನಿ ಬಂತು: 'ದಯವಿಟ್ಟು ನಿಲ್ಲಿಸಿ.'

ಗಾಂಧಿ ಅಧ್ಯಕ್ಷರ ಕಡೆ ತಿರುಗಿದರು. ನೀವು ಹೇಳಿದರೆ ನಿಲ್ಲಿಸ್ತೀನಿ ಅಂದರು. ಕೆಳಗಿಂದ ಹುಡುಗರು 'ಮುಂದುವರಿಸಿ, ಮುಂದುವರಿಸಿ' ಅಂತ ಕೂಗಿದರು. ಅಧ್ಯಕ್ಷರು, ನಿಮ್ಮ ಉದ್ದೇಶ ಏನು ಅಂತ ಸ್ಪಷ್ಟ ಮಾಡಿ ಅಂದರು. ಗಾಂಧಿ ಇನ್ನಷ್ಟು ಮಾತಾಡಿದರು. ಗದ್ದಲ ಜೋರಾಯ್ತು. ವೇದಿಕೆಯಿಂದ ಗಣ್ಯರು ಎದ್ದು ಹೊರಟರು, ಅಧ್ಯಕ್ಷರೂ ಹೊರಟರು. ಸಭೆ ಮುರಿದುಬಿತ್ತು. ಭಾಷಣ ಮುಗಿಯಲೇ ಇಲ್ಲ.

ಬೆಸೆಂಟ್ ಅವರನ್ನ ವಿಲನ್ ಮಾಡೋದು ಬೇಡ. ಅದೇ ವರ್ಷ ಹೋಂ ರೂಲ್ ಲೀಗ್ ಕಟ್ಟಿದವರು ಅವರು, ಮರುವರ್ಷ ಬ್ರಿಟಿಷರು ಅವರನ್ನೇ ಬಂಧನದಲ್ಲಿಟ್ಟರು. ಪೊಲೀಸರು ಇದನ್ನೆಲ್ಲ ಬರೆದುಕೊಳ್ತಾರೆ, ತಪ್ಪು ಅರ್ಥ ಮಾಡ್ತಾರೆ ಅನ್ನೋ ಆತಂಕದಿಂದ ತಡೆದೆ ಅಂತ ಆಮೇಲೆ ಪತ್ರಿಕೆಯಲ್ಲಿ ಸಮಜಾಯಿಷಿ ಕೊಟ್ಟರು. ಗಾಂಧಿಯೂ ಉತ್ತರ ಕೊಟ್ಟರು: ಅವರು ತಡೆಯದೇ ಇದ್ದಿದ್ದರೆ ಕೆಲವೇ ನಿಮಿಷದಲ್ಲಿ ಮುಗಿಸ್ತಿದ್ದೆ, ಗೊಂದಲವೇ ಆಗ್ತಿರಲಿಲ್ಲ.

ಆ ದಿನದ ಲೆಕ್ಕ ಹಾಕಿದರೆ ಇದು ಸೋತ ಭಾಷಣ. ಆದರೆ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ.

ಒಂದೆರಡು ತಿಂಗಳಾದ ಮೇಲೆ 20 ವರ್ಷದ ಒಬ್ಬ ಹುಡುಗ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಅಂತ ಬಾಂಬೆಗೆ ಹೊರಟವನು ಸೂರತ್‌ನಲ್ಲಿ ಇಳಿದು, ಬನಾರಸ್ ರೈಲು ಹತ್ತಿಬಿಟ್ಟ. ಮನೆಯಲ್ಲಿ ಇದ್ದಾಗಲೇ ಸರ್ಟಿಫಿಕೇಟುಗಳನ್ನ ಅಮ್ಮನ ಕಣ್ಣೆದುರೇ ಒಲೆಗೆ ಹಾಕಿದ್ದ. ಸಂಸ್ಕೃತ ಕಲಿಯಬೇಕು, ಹಿಮಾಲಯಕ್ಕೆ ಹೋಗಬೇಕು, ಇಲ್ಲಾಂದ್ರೆ ಬಂಗಾಳದ ಕ್ರಾಂತಿಕಾರಿಗಳ ಜೊತೆ ಸೇರಬೇಕು ಅಂತ ಅವನ ಮನಸ್ಸು ತುಯ್ದಾಡ್ತಿತ್ತು. ಬನಾರಸ್‌ಗೆ ಬಂದರೆ ಊರವರು ಇನ್ನೂ ಗಾಂಧಿಯ ಭಾಷಣದ ಬಗ್ಗೆಯೇ ಮಾತಾಡ್ತಿದ್ದಾರೆ! ಪತ್ರಿಕೆಯಲ್ಲಿ ಬಂದ ವರದಿ ಓದಿದ. ಗಾಂಧಿಗೆ ಪ್ರಶ್ನೆಗಳನ್ನ ಬರೆದ. ಉತ್ತರ ಬಂತು, ಮತ್ತೆ ಬರೆದ. ಇದೆಲ್ಲ ಕಾಗದದಲ್ಲಿ ಬಗೆಹರಿಯಲ್ಲ, ಆಶ್ರಮಕ್ಕೆ ಬಾ ಅಂದರು ಗಾಂಧಿ. 1916ರ ಜೂನ್ 7ರಂದು ಅಹಮದಾಬಾದಿನ ಕೊಚರಬ್ ಆಶ್ರಮಕ್ಕೆ ಹೋದ. ಆ ಹುಡುಗನ ಹೆಸರು ವಿನಾಯಕ ನರಹರಿ ಭಾವೆ. ನಮಗೆಲ್ಲ ಗೊತ್ತಿರೋ ವಿನೋಬಾ.

ಯೋಚಿಸಿ. ಆ ಭಾಷಣ ನಡೆದಾಗ ವಿನೋಬಾ ಸಭೆಯಲ್ಲೇ ಇರಲಿಲ್ಲ. ದನಿ ಕೇಳಿರಲಿಲ್ಲ, ಮುಖ ನೋಡಿರಲಿಲ್ಲ. ಅಂದ್ರೆ ಅವರನ್ನ ಹಿಡಿದಿದ್ದು ವೇದಿಕೆಯ ಬೆಳಕಲ್ಲ, ಗುಂಪಿನ ಆವೇಶ ಅಲ್ಲ. ತಣ್ಣಗೆ ಕಾಗದದ ಮೇಲೆ ಓದಿದಾಗಲೂ ಆ ಮಾತಿನಲ್ಲಿ ಬಿಸಿ ಉಳಿದಿತ್ತು. ನನ್ನ ಹೋಟೆಲ್ ಹಾಲಿನ ಭಾಷಣವನ್ನ ಯಾರಾದ್ರೂ ಬರೆದುಕೊಟ್ಟಿದ್ದರೆ, ಮರುದಿನ ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡೀತಾ ಓದಿದ್ದರೆ, ನಾನು 9,000 ಕೊಡ್ತಿದ್ನಾ? ಖಂಡಿತ ಇಲ್ಲ.

1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕೆ ಗಾಂಧಿ ಮೊದಲು ಆರಿಸಿದ್ದು ಇದೇ ವಿನೋಬಾರನ್ನ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂಮಿ ಇಲ್ಲದ ದಲಿತ ಕುಟುಂಬಗಳು 80 ಎಕರೆ ಕೇಳಿದಾಗ, ವಿನೋಬಾ ಸಭೆಯನ್ನೇ ಕೇಳಿದರು, ಯಾರಾದರೂ ಕೊಡ್ತೀರಾ ಅಂತ. ವೆದಿರೆ ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡ್ತೀನಿ ಅಂದರು. ಭೂದಾನ ಹುಟ್ಟಿದ್ದು ಹಾಗೆ. 1957ರಲ್ಲಿ ನಮ್ಮ ಮೈಸೂರಿನ ಹತ್ತಿರದ ಇಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಪ್ರಧಾನಿ ನೆಹರೂ ಕೂಡ ಬಂದಿದ್ದರು.

ಇಲ್ಲಿಗೇ ನಿಲ್ಲಿಸಿದರೆ ಚಂದದ ಕಥೆ. ಆದರೆ ನಾನು ಬಿ.ಕಾಂ. ಓದಿದವನು, ಖರ್ಚಿನ ಕಾಲಮ್ಮನ್ನೂ ನೋಡಬೇಕು. ಭೂದಾನದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ಭೂಮಿ ಬಂತು. ಆದರೆ ಅದರಲ್ಲಿ ಬಹಳಷ್ಟು ಕಲ್ಲುಬಂಡೆ, ಬಂಜರು, ಕೋರ್ಟಲ್ಲಿ ವ್ಯಾಜ್ಯ ಇದ್ದ ಜಮೀನು. ದೊಡ್ಡ ಪಾಲು ಬಡವರ ಕೈ ಸೇರಲೇ ಇಲ್ಲ. ಮಾತು ಮನಸ್ಸನ್ನ ಕರಗಿಸಬಹುದು, ಪಹಣಿಯಲ್ಲಿ ಹೆಸರು ಬದಲಾಯಿಸೋಕೆ ಬೇರೆಯದೇ ಕೆಲಸ ಬೇಕು. ಅತಿ ಒಳ್ಳೆಯ ಮನುಷ್ಯನ ಅತಿ ಪ್ರಾಮಾಣಿಕ ಭಾಷಣಕ್ಕೂ ಈ ಮಿತಿ ಇದೆ.

ಹಾಗಾದ್ರೆ ನಂಬಬೇಕಾದ ಮಾತು ಯಾವುದು? ನನಗೆ ಪೂರ್ತಿ ಉತ್ತರ ಸಿಕ್ಕಿದೆ ಅಂತ ಹೇಳಲ್ಲ. ಧೈರ್ಯವಾಗಿ ಮಾತಾಡೋರೆಲ್ಲ ಸತ್ಯವಂತರಲ್ಲ, ಚಪ್ಪಾಳೆ ಗಿಟ್ಟಿಸೋರೆಲ್ಲ ಸುಳ್ಳುಗಾರರೂ ಅಲ್ಲ. ಆದರೆ ಈಗ ಯಾರದೇ ಭಾಷಣ ಕೇಳುವಾಗ, ರಾಜಕಾರಣಿ ಆಗಲಿ, ಸ್ವಾಮೀಜಿ ಆಗಲಿ, ರೀಲ್ಸ್‌ನಲ್ಲಿ ಬರೋ ಮೋಟಿವೇಷನ್ ಗುರು ಆಗಲಿ, ಮೂರು ವಿಷಯ ನೋಡ್ತೀನಿ. ಒಂದು, ಈ ಮಾತಿಗೆ ಬೆಲೆ ಕಟ್ಟೋರು ಯಾರು, ಹೇಳೋರಾ ಕೇಳೋರಾ? ಜೊಹಾನ್ಸ್‌ಬರ್ಗ್‌ನಲ್ಲಿ ಇಬ್ಬರೂ ಕಟ್ಟಿದರು. ಎರಡು, ಮುಂದೆ ಕೂತಿರೋರಿಗೆ ಇಷ್ಟ ಆಗದ ಒಂದಾದರೂ ಮಾತು ಇದರಲ್ಲಿದೆಯಾ? ಬನಾರಸ್‌ನಲ್ಲಿ ಎಲ್ಲರಿಗೂ ಒಂದೊಂದಿತ್ತು. ಮೂರು, ನಾಳೆ ಬೆಳಿಗ್ಗೆ ಇದನ್ನ ಬರೀ ಅಕ್ಷರದಲ್ಲಿ ಓದಿದರೂ ಹೀಗೇ ಅನ್ನಿಸುತ್ತಾ? ಹಾಗಾಗಿ ಆ ಸಭೆಯಲ್ಲೇ ಕೈ ಎತ್ತಲ್ಲ. ಮನೆಗೆ ಬಂದು, ಮಲಗಿ ಎದ್ದು, ಆಮೇಲೆ ನೋಡ್ತೀನಿ.

ಹೋದ ತಿಂಗಳು ಈ ಎಪಿಸೋಡಿಗೆ ಬರ್ಕೊಳ್ತಾ ಇದ್ದಾಗ ಅಮ್ಮ ಹೊಲಿಗೆ ಮಿಷಿನ್ ಮುಂದೆ ಕೂತಿದ್ದರು. ಜೊಹಾನ್ಸ್‌ಬರ್ಗ್ ಕಥೆ ಹೇಳಿದೆ. ಜೈಲು, ಹರಾಜು, ಗಡೀಪಾರು ಅಂತ ಪಟ್ಟಿ ಎಲ್ಲ ಹೇಳಿದೆ. ಕಾಲು ನಿಲ್ಲಿಸಿ ಕೇಳಿದರು. 'ಅಷ್ಟೆಲ್ಲ ಹೇಳಿದ ಮೇಲೂ ಜನ ಕೈ ಎತ್ತಿದ್ರಾ?' ಅಂದರು. ಹೌದಮ್ಮ ಅಂದೆ.

'ಮುಂಚೆನೇ ಹೇಳಿದ್ರಲ್ಲ, ಅದಕ್ಕೇ ಎತ್ತಿದ್ರು' ಅಂದು ಮತ್ತೆ ಮಿಷಿನ್ ತುಳಿಯೋಕೆ ಶುರು ಮಾಡಿದರು.

ಈ ಸಲ ನಾನು 'ನಿಂಗೆ ಅರ್ಥ ಆಗಲ್ಲ' ಅನ್ನಲಿಲ್ಲ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ನಿಮ್ಮನ್ನ ಯಾವತ್ತಾದರೂ ಒಂದು ಭಾಷಣ ಬದಲಾಯಿಸಿದೆಯಾ, ಅಥವಾ ಯಾಮಾರಿಸಿದೆಯಾ ಅಂತ ಒಂದ್ಸಲ ಯೋಚಿಸಿ. ನಮಸ್ಕಾರ.